ಜಗಲಿಯಿಂದ ನಾಲಿಗೆಗೆ ಬಂದ ವಚನ



ನಾವು ವೀರಶೈವರೆಂಬ ಗುರುತು ಯಾವುದರಿಂದ? ಹಣೆಯ ವಿಭೂತಿ, ಕೊರಳ ಲಿಂಗ, ದಿನನಿತ್ಯದ ಪೂಜೆ, ಮನೆಗೆ ಬಂದ ಜಂಗಮರಿಗೆ ಸಲ್ಲಿಸುವ ಭಕ್ತಿ. ಇವೆಲ್ಲ ಹಿರಿಯರಿಂದ ಬಂದದ್ದು. ಆದರೆ ಮೊಮ್ಮಗು ಎದುರು ಕುಳಿತು, ಅಜ್ಜಾ, ಈ ಲಿಂಗ ಏಕೆ ಎಂದು ಕೇಳಿದರೆ ನಾವು ಏನು ಹೇಳಬೇಕು? ಆ ಉತ್ತರವನ್ನು ನಮ್ಮ ಕೈಗೆ ಇಟ್ಟವರು ಪೂಜ್ಯ ಫ.ಗು. ಹಳಕಟ್ಟಿಯವರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಮುಂಬಯಿಯಲ್ಲಿ ಕಾನೂನು ಓದಿ, ವಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ವಕೀಲರಾಗಿ ನೆಲೆ ನಿಂತರು.

ಆ ಕಾಲದಲ್ಲಿ ಎಷ್ಟೋ ಮಠಗಳಲ್ಲಿ, ಮನೆಗಳಲ್ಲಿ ತಾಡವೋಲೆಯ ಕಟ್ಟುಗಳಿದ್ದವು. ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ವಿಭೂತಿ, ಹೂವು ಏರಿಸುತ್ತಿದ್ದರು. ಪೂಜೆ ನಡೆಯುತ್ತಿತ್ತು, ಓದುವವರು ವಿರಳ. ಶರಣರ ಮಾತು ಕಟ್ಟಿನೊಳಗೇ ಹುಳು ಹಿಡಿಯುತ್ತಿತ್ತು. ಹಳಕಟ್ಟಿಯವರು ಊರೂರು ತಿರುಗಿದರು. ಓಲೆಗಳನ್ನು ಬೇಡಿ ತಂದರು, ಪ್ರತಿ ಮಾಡಿದರು, ಪಾಠ ಹೋಲಿಸಿದರು. 1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಇದ್ದ ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ಶಿವಾನುಭವ ಪತ್ರಿಕೆ ಆರಂಭಿಸಿದರು. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ದೊರೆಯಿತು. ಸಮಾಜದ ಮಕ್ಕಳ ಓದಿಗಾಗಿ 1910ರಲ್ಲೇ ವಿದ್ಯಾಸಂಸ್ಥೆ ಕಟ್ಟಿದ್ದರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಮುಂದಾಗಿದ್ದರು. ಇಷ್ಟೆಲ್ಲ ಕಟ್ಟಿದವರು ತಮಗಾಗಿ ಏನನ್ನೂ ಕೂಡಿಡಲಿಲ್ಲ. ಬಡತನದಲ್ಲಿಯೇ ಬಾಳಿ 1964ರ ಜೂನ್ 29ರಂದು ಲಿಂಗೈಕ್ಯರಾದರು.

ಇಂದು ಮದುವೆಯ ಮಂಟಪದಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ, ಅಡುಗೆ ಮನೆಯಲ್ಲಿ ದುಡಿಯುವ ತಾಯಿಯ ಬಾಯಲ್ಲಿ ವಚನ ಕೇಳುತ್ತೇವೆ. ಇದು ಅನಾದಿಯಿಂದ ಹೀಗೆಯೇ ಇತ್ತೆಂದು ತಿಳಿಯುತ್ತೇವೆ. ಹಾಗಲ್ಲ. ಒಬ್ಬ ಪುಣ್ಯಾತ್ಮರು ಮನೆ ಮಾರಿ ತಂದುಕೊಟ್ಟ ಸಂಪತ್ತು ಇದು. ಸಂಸ್ಕೃತಿಯು ಹೊಲದಂತೆ. ತಂದೆ ಬಿಟ್ಟುಹೋದ ಮಾತ್ರಕ್ಕೆ ಬೆಳೆ ಬಾರದು. ವರ್ಷ ವರ್ಷ ಉಳಬೇಕು, ಬಿತ್ತಬೇಕು.

ಈಗ ನಮ್ಮ ಜಗಲಿಯನ್ನೇ ನೋಡಿಕೊಳ್ಳೋಣ. ಅಂದು ಓಲೆಯ ಕಟ್ಟು ಇದ್ದಲ್ಲಿ ಇಂದು ವಚನದ ಪುಸ್ತಕವಿದೆ. ಅದರ ಮೇಲೂ ಹೂವಿದೆ, ಧೂಳೂ ಇದೆ. ಮತ್ತೆ ಅದೇ ತಪ್ಪು ಆಗುವುದು ಬೇಡ. ಸಂಜೆ ದೀಪ ಹಚ್ಚಿದ ಮೇಲೆ ಪುಸ್ತಕ ಬಿಚ್ಚಿ, ಮೊಮ್ಮಕ್ಕಳನ್ನು ಕೂಡಿಸಿಕೊಂಡು, ಒಂದು ವಚನ ಓದಿ ಅರ್ಥ ಹೇಳೋಣ. ಹಳಕಟ್ಟಿಯವರ ಋಣ ತೀರುವುದು ಅಲ್ಲಿಂದಲೇ.