ಅರ್ನೆಸ್ಟ್ ಜಾಸ್ಪರ್

ಬೆಲ್ಜಿಯಂ ದೇಶದ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ (1876–1940) ಈಜಿಪ್ತಿನ ಹೆಲಿಯೋಪೊಲಿಸ್ ನಗರದ ನಿರ್ಮಾಣದಿಂದ ಹೆಸರಾದವರು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಇನ್ನೂ ಬಾಡಿಗೆ ಕಟ್ಟಡಗಳಲ್ಲಿದ್ದಾಗ, ಜೈನ್ ಯಾರ್ ಜಂಗ್ ಹಾಗೂ ಸೈಯದ್ ಅಲಿ ರಜಾ ವಿದೇಶಗಳ ವಿದ್ಯಾಪೀಠಗಳನ್ನು ನೋಡಿಬರಲು ಹೊರಟರು. ಆ ಸಂಚಾರದ ಫಲವಾಗಿ ಜಾಸ್ಪರ್ ಹೈದರಾಬಾದಿಗೆ ಬಂದರು. ಪರದೇಶದ ಮಾದರಿಯೊಂದನ್ನು ತಂದು ನಿಲ್ಲಿಸುವುದು ಅವರಿಗೆ ಸುಲಭವಿತ್ತು. ಹಾಗೆ ಮಾಡದೆ, ಈ ನೆಲದ ಗುಹಾದೇವಾಲಯಗಳ ಕಂಬಗಳನ್ನೂ ಇಸ್ಲಾಮೀ ಕಮಾನುಗಳನ್ನೂ ಒಂದೇ ಶಿಲಾಸೌಧದಲ್ಲಿ ಬೆಸೆದರು. 1939ರ ಡಿಸೆಂಬರ್ 4ರಂದು ಕಲಾ ಕಾಲೇಜಿನ ಉದ್ಘಾಟನೆಯಾಯಿತು; ಮರುವರ್ಷವೇ ಅವರು ತೀರಿಕೊಂಡರು. ಬೀದರ, ಕಲಬುರ್ಗಿ, ರಾಯಚೂರುಗಳ ಕನ್ನಡ ವಿದ್ಯಾರ್ಥಿಗಳು ಉರ್ದು ಮಾಧ್ಯಮದಲ್ಲಿಯೇ ಓದಬೇಕಾಗಿದ್ದ ಆ ಕಾಲದಲ್ಲಿ, ಪಾಠದ ಭಾಷೆಗೆ ಒದಗದ ಸಮನ್ವಯವು ಕಲ್ಲಿಗೆ ಒದಗಿತ್ತು.