ಡಾರ್ವಿನ್‌ಗೆ ಆತಂಕದ ಕಾಯಿಲೆ ಇತ್ತೇ? ಮಾಹಿತಿಯ ರಾಶಿಯನ್ನು ಅವರು ನಿಭಾಯಿಸಿದ್ದು ಹೇಗೆ?

ಪ್ರಸಿದ್ಧರ ಫೋಟೊಗಳನ್ನು ಸಾಲಾಗಿ ಜೋಡಿಸಿ, ಇವರಿಗೆಲ್ಲ ಎಡಿಎಚ್‌ಡಿ ಅಥವಾ ಆತಂಕದ ಕಾಯಿಲೆ ಇತ್ತು, ಔಷಧಿಯಿಲ್ಲದೆ ಗೆದ್ದರು ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದನ್ನು ನಂಬಿ ಚಿಕಿತ್ಸೆ ನಿಲ್ಲಿಸಿದರೆ ತೊಂದರೆ ನಮಗೇ. ಹಾಗಾಗಿ ಒಬ್ಬರ ಬದುಕನ್ನು ಸರಿಯಾಗಿ ನೋಡೋಣ.

ಕಾಯಿಲೆ ಏನಾಗಿತ್ತು?

ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು 1809ರಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. 1831ರಲ್ಲಿ ಬೀಗಲ್ ಹಡಗು ಹತ್ತುವ ಮೊದಲೇ ಅವರಿಗೆ ಎದೆಬಡಿತ, ಎದೆನೋವು ಶುರುವಾಗಿತ್ತು. ವೈದ್ಯರು ಪ್ರಯಾಣ ಬೇಡ ಎಂದಾರೆಂಬ ಭಯಕ್ಕೆ ಯಾರಿಗೂ ತೋರಿಸಲಿಲ್ಲ. ಮರಳಿ ಬಂದಮೇಲೆ ವಾಂತಿ, ನಡುಕ, ಸುಸ್ತು ಬೆನ್ನುಹತ್ತಿದವು. ನಾಲ್ಕು ಜನರ ಜತೆ ಉತ್ಸಾಹದಿಂದ ಮಾತಾಡಿದರೂ ಸಾಕು, ರಾತ್ರಿ ನರಳಬೇಕಾಗುತ್ತಿತ್ತು.

ಇದು ಪ್ಯಾನಿಕ್ ಡಿಸಾರ್ಡರ್ ಎಂದು ಕೆಲವು ವೈದ್ಯರು, ದಕ್ಷಿಣ ಅಮೆರಿಕದ ಕೀಟದಿಂದ ಹರಡುವ ಚಾಗಸ್ ರೋಗ ಎಂದು ಇನ್ನು ಕೆಲವರು ವಾದಿಸಿದ್ದಾರೆ. ಇಂದಿಗೂ ಇತ್ಯರ್ಥವಾಗಿಲ್ಲ. ಸತ್ತವರನ್ನು ಪರೀಕ್ಷಿಸಲಾಗದು, ಆದ್ದರಿಂದ ಇಂಥ ಫಾರ್ವರ್ಡ್‌ಗಳ ಖಚಿತ ಮಾತನ್ನು ನಂಬಬೇಡಿ.

ಮಾಹಿತಿಯ ಹೊರೆ ಆಗಲೂ ಇತ್ತೇ?

ಇತ್ತು. ಅವರು ಬರೆದ ಮತ್ತು ಅವರಿಗೆ ಬಂದ ಪತ್ರಗಳಲ್ಲಿ ಸುಮಾರು 15,000 ಇಂದಿಗೂ ಉಳಿದಿವೆ. ಪಾರಿವಾಳ ಸಾಕುವವರಿಂದ ಹಿಡಿದು ಸಸ್ಯವಿಜ್ಞಾನಿಗಳವರೆಗೆ ಎಲ್ಲರೂ ಬರೆಯುತ್ತಿದ್ದರು. ಉತ್ತರಿಸದೆ ಉಳಿದ ಕಾಗದ ಅವರ ಮನಸ್ಸನ್ನು ಕೊರೆಯುತ್ತಿತ್ತು. ನಮ್ಮ ಫೋನಿನಲ್ಲಿ ಓದದೇ ಉಳಿದ ಮೆಸೇಜುಗಳ ಹಾಗೆ!

ಅವರು ಮಾಡಿದ್ದೇನು?

ಮೊದಲನೆಯದು, ಗದ್ದಲದಿಂದ ದೂರ ಸರಿದರು. 1842ರಲ್ಲಿ ಲಂಡನ್ ಬಿಟ್ಟು ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಹೋದರು. ಔತಣಕೂಟಗಳನ್ನು ಬಿಟ್ಟರು.

ಎರಡನೆಯದು, ಹೊತ್ತಿಗೊಂದು ಕೆಲಸ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಅವರ ಅತ್ಯುತ್ತಮ ಸಮಯ. ಆಗ ಬರವಣಿಗೆ ಮಾತ್ರ, ಅಂಚೆ ನೋಡುವುದು ಆಮೇಲೆ. ಮಧ್ಯಾಹ್ನ ತೋಟದಂಚಿನ ಕಾಲುದಾರಿಯಲ್ಲಿ ನಡಿಗೆ. ಸುತ್ತುಗಳ ಲೆಕ್ಕಕ್ಕೆ ಕಲ್ಲುಗಳನ್ನು ಗುಡ್ಡೆಹಾಕಿ, ಸುತ್ತಿಗೊಂದರಂತೆ ಒದ್ದು ಸರಿಸುತ್ತಿದ್ದರು. ರಾತ್ರಿ ಪತ್ನಿ ಎಮ್ಮಾ ಜತೆ ಎರಡಾಟ ಬ್ಯಾಕ್‌ಗ್ಯಾಮನ್.

ಮೂರನೆಯದು, ನೆನಪಿನ ಮೇಲೆ ಭಾರ ಹಾಕಲಿಲ್ಲ. ಓದಿದ ಪುಸ್ತಕದ ಕೊನೆಯಲ್ಲಿ ಬೇಕಾದ ಪುಟಗಳ ಪಟ್ಟಿ ಬರೆದಿಡುತ್ತಿದ್ದರು. ವಿಷಯವಾರು ಮೂವತ್ತು ನಲವತ್ತು ಕಡತಗಳಿದ್ದವು. ದಪ್ಪ ಪುಸ್ತಕ ಹಿಡಿಯಲು ಕಷ್ಟವಾದರೆ ಎರಡು ತುಂಡು ಮಾಡುತ್ತಿದ್ದರು! ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡರೆ ತಕ್ಷಣ ಗುರುತು ಹಾಕಿಕೊಳ್ಳುತ್ತಿದ್ದರು, ಏಕೆಂದರೆ ಅಂಥವೇ ಬೇಗ ಮರೆತುಹೋಗುತ್ತವೆ ಎಂಬುದು ಅವರ ಅನುಭವ. ಫಾರ್ವರ್ಡ್ ಒತ್ತುವ ಮೊದಲು ನಾವೂ ಇದನ್ನು ನೆನೆಯಬಹುದು.

ಇದರಿಂದ ಕಾಯಿಲೆ ವಾಸಿಯಾಯಿತೇ?

ಇಲ್ಲ. ಡಾರ್ವಿನ್ ಚಿಕಿತ್ಸೆ ಬಿಟ್ಟವರೂ ಅಲ್ಲ. 1849ರಲ್ಲಿ ಮಾಲ್ವರ್ನ್‌ನಲ್ಲಿ ತಣ್ಣೀರಿನ ಚಿಕಿತ್ಸೆ ಪಡೆದರು, ವರ್ಷಗಟ್ಟಲೆ ಆರೋಗ್ಯದ ದಿನಚರಿ ಬರೆದರು. 1859ರ ನವೆಂಬರ್ 24ರಂದು ಜೀವಿಗಳ ಉಗಮದ ಪುಸ್ತಕ ಹೊರಬಂದಾಗಲೂ ಅವರಿದ್ದದ್ದು ಇಲ್ಕ್ಲಿಯ ಚಿಕಿತ್ಸಾಕೇಂದ್ರದಲ್ಲಿ. ಆ ಕಾಲದ ಚಿಕಿತ್ಸೆಗಳಿಂದ ಶಾಶ್ವತ ಪರಿಹಾರ ಸಿಗಲಿಲ್ಲ. 1882ರಲ್ಲಿ ತೀರಿಕೊಂಡರು. ಹಣ, ಆಳುಕಾಳು, ಎಮ್ಮಾ ಅವರ ಆರೈಕೆ ಇಲ್ಲದಿದ್ದರೆ ಆ ದಿನಚರಿಯೂ ಸಾಧ್ಯವಾಗುತ್ತಿರಲಿಲ್ಲ.

ನಾವು ಮಾಡಬಹುದಾದದ್ದು

ಮೆಸೇಜು ನೋಡಲು ಹೊತ್ತು ಗೊತ್ತುಮಾಡಿ. ತಲೆಯಲ್ಲಿರುವುದನ್ನು ಕಾಗದಕ್ಕಿಳಿಸಿ. ಸ್ವಲ್ಪ ನಡೆಯಿರಿ. ಇವು ನೆರವಾಗುತ್ತವೆ, ಆದರೆ ಚಿಕಿತ್ಸೆಗೆ ಬದಲಿಯಲ್ಲ. ಆತಂಕಕ್ಕೂ ಎಡಿಎಚ್‌ಡಿಗೂ ಡಾರ್ವಿನ್ ಕಾಲದಲ್ಲಿ ಇಲ್ಲದ ಚಿಕಿತ್ಸೆ ಇಂದು ಇದೆ. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.