ಎಂವಿ, ಒಂದು ಲಾರಿ ಕನಸು, ಒಂದು ಮುರಿದ ಬೋಲ್ಟು

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳತ್ತೆ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ ಬರತ್ತೆ, ಭದ್ರಾವತಿ ಬರತ್ತೆ, ಚಪ್ಪಾಳೆ ಬೀಳತ್ತೆ, ಅಲ್ಲಿಗೆ ಮುಗೀತು. ಸಿವಿಲ್‌ನವರು ಅವರನ್ನ ಪೂರ್ತಿ ತಮ್ಮವರು ಮಾಡ್ಕೊಂಡುಬಿಟ್ಟಿದ್ದಾರೆ. ಮೆಕ್ಯಾನಿಕಲ್ ಬೆಂಚಿನಿಂದ ನಾವು ಒಂದು ಮಾತು ಸೇರಿಸ್ತೀವಿ: ಎಪ್ಪತ್ತು ದಾಟಿದ ಮೇಲೆ ಈ ಮನುಷ್ಯ ತಲೆ ಕೆಡಿಸ್ಕೊಂಡಿದ್ದು ಅಣೆಕಟ್ಟಿಗಲ್ಲ, ಮೋಟಾರು ಗಾಡಿಗೆ. ಅದು ಸೋತ ಕಥೆ. ಅದಕ್ಕೇ ಯಾರೂ ಜಾಸ್ತಿ ಹೇಳಲ್ಲ.

ಮೊದಲು ಗೊತ್ತಿರೋದನ್ನ ಬೇಗ ಮುಗಿಸೋಣ. ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ. ಚಿಕ್ಕ ವಯಸ್ಸಲ್ಲೇ ಅಪ್ಪ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ಖರ್ಚು ನೋಡ್ಕೊಂಡರು. 1881ರಲ್ಲಿ ಬಿ.ಎ. ಆಯ್ತು, ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್, 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ. 1903ರ ಹೊತ್ತಿಗೆ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವರ ಸ್ವಯಂಚಾಲಿತ ಗೇಟು ಬಂತು. ನೀರು ಒಂದು ಮಟ್ಟ ದಾಟಿದ್ರೆ ಬಾಗಿಲು ತಾನಾಗೇ ತೆರೆಯತ್ತೆ, ಇಳಿದ್ರೆ ತಾನಾಗೇ ಮುಚ್ಚತ್ತೆ. ಮೋಟಾರಿಲ್ಲ, ಕಾವಲುಗಾರ ಬೇಕಿಲ್ಲ. ಅದನ್ನ ಸಿವಿಲ್ ಕೆಲಸ ಅನ್ನೋದಾದ್ರೆ ಅನ್ನಿ. ನಮ್ಮ ಕಣ್ಣಿಗೆ ಅದೊಂದು ಯಂತ್ರ.

1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಯ್ತು. ಸಿಮೆಂಟಿನ ಬದಲು ಸುರ್ಕಿ ಗಾರೆ, ಮೇಲಿಂದ ಮದ್ರಾಸ್ ಸರ್ಕಾರದ ತಕರಾರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲ ಆ ಆರು ವರ್ಷದಲ್ಲೇ. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋ ವಿಚಾರದಲ್ಲಿ ಮಹಾರಾಜರಿಗೂ ಅವರಿಗೂ ಹೊಂದಲಿಲ್ಲ, ಹುದ್ದೆ ಬಿಟ್ಟರು. ಈ ವಿಚಾರದಲ್ಲಿ ಮಹಾರಾಜರು ಸರಿ ಇದ್ದರು ಅಂತ ನಮ್ಮಲ್ಲಿ ಬಹಳ ಜನರ ಅಭಿಪ್ರಾಯ. ಹಾರ ಹಾಕಿದ ಮಾತ್ರಕ್ಕೆ ಎಲ್ಲದಕ್ಕೂ ತಲೆ ಆಡಿಸಬೇಕು ಅಂತೇನಿಲ್ಲ.

ಕಟ್ಟೆ ಪೂರ್ತಿ ಆಗೋ ಹೊತ್ತಿಗೆ ಅವರು ದಿವಾನಗಿರಿ ಬಿಟ್ಟು ಹತ್ತು ವರ್ಷ ದಾಟಿತ್ತು. ನೀರು ನಿಂತಾಗ ಹಳೇ ಕನ್ನಂಬಾಡಿ ಮುಳುಗಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿ, ಸಂಗಾಪುರದ ಕಡೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರೋ ಜಾಗದವರೆಗೂ ಹಿನ್ನೀರು ಚಾಚಿಕೊಂಡಿತು. ಒಬ್ಬರ ಗದ್ದೆಗೆ ನೀರು ಬರೋಕೆ ಇನ್ನೊಬ್ಬರ ಊರು ಹೋಯ್ತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಕಬ್ಬು ಈ ಸೀಮೆಯ ಬೆಳೆ ಆಗಿಹೋಯ್ತು. ಕಬ್ಬು ಇದ್ದಲ್ಲಿ ಲಾರಿ ಬೇಕೇ ಬೇಕು.

ಇಲ್ಲಿ ನಮ್ಮ ಬೋಲ್ಟಿನ ವಿಷಯ ಬರತ್ತೆ. ಕೆ.ಆರ್. ಪೇಟೆಯಿಂದ ಮಾಕವಳ್ಳಿಗೋ ಪಾಂಡವಪುರಕ್ಕೋ ಕಬ್ಬು ಹೊತ್ತ ಲಾರಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟಿಕ್ ಟಿಕ್ ಅನ್ನತ್ತೆ, ಬಿಸಿ ಆದ ಮೇಲೆ ಸದ್ದು ಕಮ್ಮಿ ಆಗತ್ತೆ, ಹೆಡ್ಡಿನ ಪಕ್ಕ ಮಸಿ ಹಿಡಿದಿರತ್ತೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು ಮುರಿದಿರೋ ಲಕ್ಷಣ ಅದು. ಮುರಿಯೋದು ಯಾಕೆ? ಎರಕದ ಕಬ್ಬಿಣ ಒಂದು ಮೀಟರ್ ಉದ್ದ ಇದ್ದು 400 ಡಿಗ್ರಿ ಬಿಸಿ ಏರಿದ್ರೆ ಸುಮಾರು 4 ಮಿ.ಮೀ. ಬೆಳೆಯತ್ತೆ. ಪಕ್ಕದ ಹೆಡ್ಡು ನೀರಿನಿಂದ ತಣ್ಣಗಿರೋದ್ರಿಂದ ಅಷ್ಟು ಬೆಳೆಯಲ್ಲ. ಅದಕ್ಕೇ ಮ್ಯಾನಿಫೋಲ್ಡಿನ ತೂತುಗಳನ್ನ ಬೋಲ್ಟಿಗಿಂತ ದೊಡ್ಡದು ಮಾಡಿರ್ತಾರೆ, ಜರುಗಲಿ ಅಂತ. ತುಕ್ಕು ಹಿಡಿದು ಜರುಗದೇ ಹೋದ್ರೆ ತುದಿಯ ಬೋಲ್ಟು ದಿನಾ ಬಾಗಿ ಬಾಗಿ ಒಂದು ದಿನ ಕಟ್ ಆಗತ್ತೆ.

ತೆಗೆಯೋದು ತಾಳ್ಮೆ ಕೆಲಸ. ತುಂಡು ಸ್ವಲ್ಪ ಹೊರಗಿದ್ರೆ ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡ್ತಾರೆ. ಆ ಬಿಸಿಗೇ ತುಕ್ಕಿನ ಹಿಡಿತ ಸಡಿಲ ಆಗತ್ತೆ, ಒಂಚೂರು ಆರಿದ ಮೇಲೆ ಹಿಂದೆ ಮುಂದೆ ಆಡಿಸ್ತಾ ಬಿಚ್ಚಬೇಕು. ಒಳಗೇ ಮುರಿದಿದ್ರೆ ಸರಿಯಾಗಿ ನಡುವೆ ಪಂಚ್ ಹೊಡೆದು, ಸಣ್ಣ ಬಿಟ್ಟಿನಿಂದ ಶುರು ಮಾಡಿ ತೂತು ಕೊರೆದು, ಈಜಿ ಔಟ್ ಹಾಕಿ ತಿರುಗಿಸಬೇಕು. ಆತುರಪಟ್ಟು ಈಜಿ ಔಟೇ ಒಳಗೆ ಮುರಿದ್ರೆ ಕಥೆ ಕೆಟ್ಟಿತು. ಅದು ಗಟ್ಟಿ ಉಕ್ಕು, ಮಾಮೂಲಿ ಡ್ರಿಲ್ ಕಚ್ಚಲ್ಲ. ಥ್ರೆಡ್ ಹಾಳಾಗಿದ್ರೆ ದೊಡ್ಡದಾಗಿ ಕೊರೆದು ಹೆಲಿಕಾಯಿಲ್ ಕೂರಿಸಬೇಕು. ಕೊನೆಗೆ ಮ್ಯಾನಿಫೋಲ್ಡಿನ ಮುಖ ಬಾಗಿದೆಯಾ ಅಂತ ಪಟ್ಟಿ ಇಟ್ಟು ನೋಡಿ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು ಹಾಕಿ, ನಡುವಿನಿಂದ ಹೊರಕ್ಕೆ ಹಂತ ಹಂತವಾಗಿ ಬಿಗಿ ಮಾಡಬೇಕು. ಅಷ್ಟು ಹೊತ್ತೂ ಲೋಡಿನಲ್ಲಿರೋ ಕಬ್ಬು ಒಣಗ್ತಾ ತೂಕ ಕಳ್ಕೊಳ್ತಿರತ್ತೆ. ನಷ್ಟ ರೈತನದ್ದು.

ಇವತ್ತು ಆ ಬೋಲ್ಟು ಪೇಟೆ ಅಂಗಡಿಯಲ್ಲೇ ಸಿಗತ್ತೆ. ಎಂವಿ ಕಾಲದಲ್ಲಿ ಎಂಜಿನ್ನೇ ಹಡಗಿನಲ್ಲಿ ಬರ್ತಿತ್ತು. 1928ರಿಂದ ಜನರಲ್ ಮೋಟರ್ಸ್ ಬೊಂಬಾಯಿಯಲ್ಲಿ ಗಾಡಿ ಜೋಡಿಸ್ತಿತ್ತು ನಿಜ, ಆದರೆ ಭಾಗಗಳು ಹೊರಗಿನವು. ಜೋಡಿಸೋದು ಬೇರೆ, ತಯಾರು ಮಾಡೋದು ಬೇರೆ. ಈ ವ್ಯತ್ಯಾಸ ಎಂವಿಗೆ ಭದ್ರಾವತಿಯಲ್ಲೇ ಅರ್ಥ ಆಗಿತ್ತು. 1923ರಲ್ಲಿ ಅಲ್ಲಿ ಮರದ ಇದ್ದಿಲಿನಿಂದ ಕಬ್ಬಿಣ ತೆಗೆಯೋಕೆ ಶುರು ಮಾಡಿದ ಕಾರ್ಖಾನೆ ನಷ್ಟಕ್ಕೆ ಬಿದ್ದಾಗ, ಅಧ್ಯಕ್ಷರಾಗಿ 1929ರವರೆಗೆ ಕೂತು ದಾರಿಗೆ ತಂದವರು ಅವರು. ಕಬ್ಬಿಣ ಇದೆ, ಜನ ಇದ್ದಾರೆ, ಮತ್ತೆ ಗಾಡಿ ಯಾಕೆ ಆಗಬಾರದು?

1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನ ನೋಡಿ ಬಂದರು. ಮರು ವರ್ಷ ಯೋಜನೆ ಸಿದ್ಧವಾಯ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜತೆಯಾದರು. ಬೆಂಗಳೂರಿನಲ್ಲಿ ಕಾರ್ಖಾನೆ ತರೋಕೆ ಮೈಸೂರು ಸಂಸ್ಥಾನವೂ ಒಲವು ತೋರಿಸ್ತು. ಮೇಲಿದ್ದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧ ಬಂತು, ಯೋಜನೆ ಕಾಗದದಲ್ಲೇ ಉಳೀತು. 1940ರಲ್ಲಿ ವಾಲ್‌ಚಂದ್ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ವಿಮಾನದ ಕಾರ್ಖಾನೆ ನಮ್ಮೂರಿಗೆ ಬಂತು, ಕಾರು ಲಾರಿ ಕಾರ್ಖಾನೆ ಕೈ ತಪ್ಪಿತು. ಎಂವಿ ವರ್ಷಗಟ್ಟಲೆ ಪತ್ರ ಬರೆದು, ಲೆಕ್ಕ ಹಾಕಿ, ಓಡಾಡಿದ್ದಕ್ಕೆ ಅವರ ಹೆಸರಿನಲ್ಲಿ ಒಂದು ಗಾಡಿಯೂ ಹೊರಬರಲಿಲ್ಲ.

ಆದರೆ ಇನ್ನೊಂದು ಕೆಲಸ ಉಳೀತು. ಭದ್ರಾವತಿಯ ದುಡಿಮೆಗೆ ತಮಗೆ ಬರಬೇಕಿದ್ದ ಸಂಭಾವನೆಯನ್ನ ಅವರು ಮನೆಗೆ ಒಯ್ಯಲಿಲ್ಲ. ಕೈಕೆಲಸ ಕಲಿಸೋ ಒಂದು ಸಂಸ್ಥೆಗೆ ಹಾಕಿ ಅಂದರು. 1943ರಲ್ಲಿ ಬೆಂಗಳೂರಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯ್ತು. ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಎಂಜಿನಿಯರಿಂಗ್ ಕಾಲೇಜು ಕಟ್ಟಿಸಿದವರಿಗೆ ಡ್ರಾಯಿಂಗ್ ಬರೆಯೋರಷ್ಟೇ ಇದ್ದರೆ ಸಾಲದು, ಬೋಲ್ಟು ಬಿಚ್ಚೋ ಕೈಯೂ ಬೇಕು ಅನ್ನೋದು ಗೊತ್ತಿತ್ತು.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಅಷ್ಟರಲ್ಲಿ ಈ ದೇಶದ ಕಾರ್ಖಾನೆಗಳಿಂದ ಲಾರಿಗಳು ರಸ್ತೆಗೆ ಬರ್ತಿದ್ದವು. ಬೇರೆಯವರ ಹೆಸರಿನಲ್ಲಿ, ಬೇರೆ ಊರಿನಿಂದ.

ಈ ಸಲದ ಎಂಜಿನಿಯರ್ಸ್ ಡೇಗೆ ಭಾಷಣ ಒಂದು ಕಮ್ಮಿ ಮಾಡಿ, ವರ್ಕ್‌ಶಾಪಿನಲ್ಲಿ ಗುಜರಿ ಹೆಡ್ಡೊಂದನ್ನ ಇಟ್ಟು ಮುರಿದ ಬೋಲ್ಟು ತೆಗೆಯೋ ಸ್ಪರ್ಧೆ ಇಟ್ಕೋಬೇಕು ಅಂತ ನಮ್ಮ ಸಂಘದ ಸೂಚನೆ. ಸಿವಿಲ್‌ನವರೂ ಬರಬಹುದು. ಈಜಿ ಔಟ್ ಮುರಿದವರು ಟೀ ಕೊಡಿಸಬೇಕು.